ರಾತ್ರೋರಾತ್ರಿ ಕಾರಿನ ಬ್ಯಾಟರಿ ಇಳಿಯುವುದೇಕೆ? ಕಳ್ಳನನ್ನು ಮೀಟರ್ ಹಿಡಿದು ಹುಡುಕುವ ಬಗೆ

ಬೆಳಿಗ್ಗೆ ಕೀ ತಿರುಗಿಸಿದರೆ ಬರೀ ‘ಟಕ್ ಟಕ್ ಟಕ್’ ಸದ್ದು. ಡ್ಯಾಶ್‌ಬೋರ್ಡಿನ ದೀಪಗಳು ಮಂಕಾಗಿ ಮಿನುಗಿ ಆರಿಹೋಗುತ್ತವೆ. ಪಕ್ಕದ ಮನೆಯವರ ಕಾರಿನಿಂದ ಜಂಪ್ ಕೊಟ್ಟರೆ ಸ್ಟಾರ್ಟ್ ಆಗುತ್ತದೆ, ದಿನವಿಡೀ ಚೆನ್ನಾಗಿಯೇ ಓಡುತ್ತದೆ. ಮರುದಿನ ಬೆಳಿಗ್ಗೆ ಮತ್ತೆ ಅದೇ ಕಥೆ. ಬ್ಯಾಟರಿ ಅಂಗಡಿಯಲ್ಲಿ ಕೇಳಿದರೆ ‘ಬ್ಯಾಟರಿ ಹೋಗಿದೆ, ಹೊಸದು ಹಾಕಿಸಿ’ ಅನ್ನುತ್ತಾರೆ. ಎಲೆಕ್ಟ್ರಿಷಿಯನ್ ಹತ್ತಿರ ಹೋದರೆ ‘ಎಲ್ಲೋ ಶಾರ್ಟ್ ಇದೆ, ವೈರಿಂಗ್ ಬಿಚ್ಚಿ ನೋಡಬೇಕು’ ಅನ್ನುತ್ತಾರೆ. ಇಬ್ಬರ ಮಾತೂ ನಿಜ ಇರಬಹುದು. ಆದರೆ ಅಳತೆ ಮಾಡದೆ ಯಾವುದು ನಿಜ ಅಂತ ಯಾರಿಗೂ ಗೊತ್ತಾಗುವುದಿಲ್ಲ.

ನನಗೆ ಬೇಸರ ತರಿಸುವ ವಿಷಯವೂ ಅದೇ. ಸಾವಿರಾರು ರೂಪಾಯಿ ಕೊಟ್ಟು ಹೊಸ ಬ್ಯಾಟರಿ ಹಾಕಿಸಿದವರು, ಸ್ವಲ್ಪ ದಿನದಲ್ಲಿ ಅದೂ ಇಳಿದುಹೋಯಿತು ಅಂತ ಪೇಚಾಡುವುದನ್ನು ಎಷ್ಟೋ ಸಲ ನೋಡಿದ್ದೇನೆ. ಇನ್ನು ಕೆಲವರು ಚೆನ್ನಾಗಿದ್ದ ವೈರಿಂಗ್ ಅನ್ನು ಸುಮ್ನೆ ಬಿಚ್ಚಿಸಿ, ಹೊಸ ತೊಂದರೆ ಮೈಮೇಲೆ ಎಳೆದುಕೊಳ್ಳುತ್ತಾರೆ. ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್, ಒಂದು 10 ನಂಬರ್ ಸ್ಪ್ಯಾನರ್, ಒಂದು ರಜಾದಿನ ಇದ್ದರೆ ಈ ಗೊಂದಲವನ್ನು ಮನೆಯಲ್ಲೇ ಬಗೆಹರಿಸಬಹುದು. ಕೊನೆಗೆ ರಿಪೇರಿಯನ್ನು ಬೇರೆಯವರೇ ಮಾಡಲಿ, ಪರವಾಗಿಲ್ಲ. ಏನು ರಿಪೇರಿ ಬೇಕು ಅಂತ ನಮಗೆ ಗೊತ್ತಿರಬೇಕು.

ಮೊದಲು ಸ್ವಲ್ಪ ಲೆಕ್ಕ

ಬ್ಯಾಟರಿಯನ್ನು ಮನೆ ಮೇಲಿನ ನೀರಿನ ಟ್ಯಾಂಕ್ ಅಂದುಕೊಳ್ಳಿ. ಟ್ಯಾಂಕ್ ಎಷ್ಟು ದೊಡ್ಡದು ಅನ್ನುವುದನ್ನು ಆಂಪಿಯರ್-ಅವರ್ ಹೇಳುತ್ತದೆ. ನಲ್ಲಿಯಿಂದ ಎಷ್ಟು ವೇಗವಾಗಿ ಸೋರುತ್ತಿದೆ ಅನ್ನುವುದನ್ನು ಆಂಪಿಯರ್ ಹೇಳುತ್ತದೆ. ಸೋರುವ ವೇಗವನ್ನು ಗಂಟೆಗಳಿಂದ ಗುಣಿಸಿದರೆ ಎಷ್ಟು ಖಾಲಿಯಾಯಿತು ಅಂತ ಸಿಗುತ್ತದೆ. ಇಡೀ ಹುಡುಕಾಟ ನಿಂತಿರುವುದು ಈ ಒಂದೇ ಗುಣಾಕಾರದ ಮೇಲೆ.

ನಮ್ಮಲ್ಲಿ ಓಡುವ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಸಾಮಾನ್ಯವಾಗಿ 35 ಆಂಪಿಯರ್-ಅವರ್ ಆಸುಪಾಸಿನ ಬ್ಯಾಟರಿ ಇರುತ್ತದೆ. ಡೀಸೆಲ್ ಗಾಡಿಗಳಲ್ಲಿ 60ರ ಮೇಲೆ. ಬ್ಯಾಟರಿಯ ಲೇಬಲ್ ಮೇಲೆ ಈ ಅಂಕಿ ಬರೆದಿರುತ್ತದೆ, ಒಮ್ಮೆ ನೋಡಿಕೊಳ್ಳಿ.

ಕಾರು ಆಫ್ ಆಗಿ ಲಾಕ್ ಆದ ಮೇಲೂ ಸ್ವಲ್ಪ ಕರೆಂಟ್ ಎಳೆಯುತ್ತಲೇ ಇರುತ್ತದೆ. ಗಡಿಯಾರ ಓಡಬೇಕು. ಇಂಜಿನ್ ಕಂಪ್ಯೂಟರ್ ತನ್ನ ನೆನಪು ಉಳಿಸಿಕೊಳ್ಳಬೇಕು. ರಿಮೋಟ್ ಒತ್ತಿದಾಗ ಬಾಗಿಲು ತೆರೆಯಬೇಕೆಂದರೆ ಅದರ ರಿಸೀವರ್ ಎಚ್ಚರವಾಗಿರಬೇಕು. ಹಳೆಯ ಕಾರ್ಬ್ಯುರೇಟರ್ ಕಾಲದ ಅಂಬಾಸಿಡರ್, ಪದ್ಮಿನಿಗಳಲ್ಲಿ ಇಂಥ ಯಾವ ರಗಳೆಯೂ ಇರಲಿಲ್ಲ. ಈಗಿನ ಕಾರುಗಳಲ್ಲಿ ಈ ‘ಇರಬೇಕಾದ’ ಸೋರಿಕೆ 20ರಿಂದ 50 ಮಿಲಿಆಂಪಿಯರ್. ಮಿಲಿಆಂಪಿಯರ್ ಅಂದರೆ ಆಂಪಿಯರ್‌ನ ಸಾವಿರದಲ್ಲೊಂದು ಪಾಲು. 50 ಮಿಲಿಆಂಪಿಯರ್ ಅಂದರೂ ದಿನಕ್ಕೆ ಹೋಗುವುದು 1.2 ಆಂಪಿಯರ್-ಅವರ್ ಮಾತ್ರ. 35ರ ಬ್ಯಾಟರಿ ಅರ್ಧ ಇಳಿಯಲು ಎರಡು ವಾರ ಬೇಕು. ಹಾಗಾಗಿ ದೇವನಹಳ್ಳಿ ವಿಮಾನ ನಿಲ್ದಾಣದಲ್ಲಿ ಕಾರು ನಿಲ್ಲಿಸಿ ಮೂರು ವಾರ ವಿದೇಶಕ್ಕೆ ಹೋಗಿಬಂದವರಿಗೆ ಕಾರು ಸ್ಟಾರ್ಟ್ ಆಗದಿದ್ದರೆ, ಅದರಲ್ಲಿ ಏನೂ ದೋಷ ಇಲ್ಲದೆಯೂ ಇರಬಹುದು.

ಒಂದೇ ರಾತ್ರಿಯಲ್ಲಿ ಇಳಿದರೆ ಮಾತೇ ಬೇರೆ. ಚೆನ್ನಾಗಿರುವ, ತುಂಬಿದ ಬ್ಯಾಟರಿಯೊಂದು ರಾತ್ರಿ 9ರಿಂದ ಬೆಳಿಗ್ಗೆ 7ರೊಳಗೆ ಸ್ಟಾರ್ಟರ್ ತಿರುಗಿಸಲಾರದಷ್ಟು ಇಳಿಯಬೇಕಾದರೆ ಅದರಿಂದ ಸುಮಾರು 20 ಆಂಪಿಯರ್-ಅವರ್ ಹೋಗಿರಬೇಕು. 10 ಗಂಟೆಗೆ 20 ಅಂದರೆ ಗಂಟೆಗೆ 2. ಅಂದರೆ ರಾತ್ರಿಯಿಡೀ 2 ಆಂಪಿಯರ್, ಸುಮಾರು 25 ವ್ಯಾಟ್, ಎಲ್ಲೋ ಖರ್ಚಾಗುತ್ತಿದೆ. 25 ವ್ಯಾಟ್ ಎಲ್ಲಿ ಹೋದರೂ ಸುಳಿವು ಬಿಡುತ್ತದೆ. ಅಲ್ಲಿ ಏನೋ ಉರಿಯುತ್ತಿರುತ್ತದೆ, ಇಲ್ಲವೇ ಮುಟ್ಟಿದರೆ ಬೆಚ್ಚಗಿರುತ್ತದೆ.

ಪಾರ್ಕಿಂಗ್ ಲೈಟ್ ಮರೆತರೆ ಕಾರು ಕೈಕೊಡುವುದು ಇದಕ್ಕೇ. ಹಳೆಯ ಬಲ್ಬಿನ ಕಾರಿನಲ್ಲಿ ಮುಂದೆ ಎರಡು, ಹಿಂದೆ ಎರಡು, ನಂಬರ್ ಪ್ಲೇಟಿಗೆ ಒಂದು, ತಲಾ 5 ವ್ಯಾಟ್ ಅಂದರೂ 25 ವ್ಯಾಟ್ ಆಯಿತಲ್ವಾ? ಹ್ಯಾಲೋಜನ್ ಹೆಡ್‌ಲೈಟ್ ಆದರೆ ಎರಡಕ್ಕೂ ಸೇರಿ 9–10 ಆಂಪಿಯರ್, ಮೂರು ಗಂಟೆ ಸಾಕು. ಆದರೆ ಡಿಕ್ಕಿಯ ಒಂಟಿ 5 ವ್ಯಾಟ್ ಬಲ್ಬ್ ರಾತ್ರಿಯಿಡೀ ಉರಿದರೂ ತಿನ್ನುವುದು 4 ಆಂಪಿಯರ್-ಅವರ್. ಅಷ್ಟಕ್ಕೇ ಕಾರು ಸ್ಟಾರ್ಟ್ ಆಗಲಿಲ್ಲ ಅಂದರೆ, ಬಲ್ಬಿಗಿಂತ ಮೊದಲು ಬ್ಯಾಟರಿಯನ್ನೇ ಅನುಮಾನಿಸಬೇಕು.

ಬ್ಯಾಟರಿಯೇ ಸುಸ್ತಾಗಿದೆಯೇ?

ಬ್ಯಾಟರಿಗೂ ವಯಸ್ಸಾಗುತ್ತದೆ. ಅದರೊಳಗೆ ಸೀಸದ ಪ್ಲೇಟುಗಳು ಮತ್ತು ಗಂಧಕಾಮ್ಲ ಇರುತ್ತವೆ. ಚಾರ್ಜ್ ಇಳಿದಾಗ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ, ಚಾರ್ಜ್ ಏರಿದಾಗ ಕರಗುತ್ತದೆ. ಇಳಿದ ಬ್ಯಾಟರಿಯನ್ನು ಹಾಗೇ ಬಿಟ್ಟರೆ ಆ ಸಲ್ಫೇಟ್ ಗಟ್ಟಿ ಹರಳಾಗಿ ಉಳಿದುಬಿಡುತ್ತದೆ. ಅಷ್ಟು ಭಾಗದ ಪ್ಲೇಟು ಮತ್ತೆ ಕೆಲಸಕ್ಕೆ ಬರುವುದಿಲ್ಲ. ಲೇಬಲ್ ಮೇಲೆ 35 ಅಂತ ಇದ್ದರೂ ನಿಜಕ್ಕೂ ಒಳಗೆ ಹಿಡಿಯುವುದು 15 ಇರಬಹುದು.

ಇದಕ್ಕೆ ಊರಿನ ಹವೆಯೂ ಕಾರಣ. ಚಳಿಯಲ್ಲಿ ಬ್ಯಾಟರಿ ಸಾಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಅದನ್ನು ಒಳಗಿನಿಂದ ಸವೆಸುವುದು ಬಿಸಿಲು. ಕಲಬುರಗಿ, ರಾಯಚೂರಿನ ಬೇಸಿಗೆ ಪ್ಲೇಟುಗಳನ್ನು ಬೇಗ ತಿನ್ನುತ್ತದೆ. ಚಳಿ ಬಂದಾಗ ಆ ಸವೆತ ಬಯಲಿಗೆ ಬರುತ್ತದೆ, ಅಷ್ಟೆ. ಬೆಂಗಳೂರಿನಲ್ಲಿ ಅಷ್ಟು ಬಿಸಿಲಿಲ್ಲ, ಅಲ್ಲಿ ಬೇರೆ ಕಷ್ಟ. ಮನೆಯಿಂದ ಆಫೀಸಿಗೆ ಐದಾರು ಕಿಲೋಮೀಟರ್, ಟ್ರಾಫಿಕ್‌ನಲ್ಲಿ ಇಂಜಿನ್ ನಿಧಾನಕ್ಕೆ ತಿರುಗುತ್ತಿರುತ್ತದೆ, ಎಸಿ ಮತ್ತು ಲೈಟು ಎಲ್ಲಾ ಆನ್. ಸ್ಟಾರ್ಟ್ ಮಾಡಲು ಖರ್ಚಾದದ್ದು ಪೂರ್ತಿ ವಾಪಸ್ ತುಂಬುವುದೇ ಇಲ್ಲ. ದಿನದಿನವೂ ಸ್ವಲ್ಪ ಸ್ವಲ್ಪ ಸಾಲ ಬೆಳೆಯುತ್ತದೆ.

ಮೀಟರ್ ತೆಗೆದುಕೊಂಡು ಡಿಸಿ ವೋಲ್ಟ್‌ನಲ್ಲಿ, 20 ವೋಲ್ಟ್ ರೇಂಜಿಗೆ ಇಡಿ. ಕೆಂಪು ತಂತಿ ಪ್ಲಸ್‌ಗೆ, ಕಪ್ಪು ಮೈನಸ್‌ಗೆ. ಕಾರು ಓಡಿಸಿ ಬಂದ ತಕ್ಷಣ ನೋಡಿದರೆ ಅಂಕಿ ಸುಳ್ಳು ಹೇಳುತ್ತದೆ, ಕೆಲವು ಗಂಟೆ ಸುಮ್ಮನೆ ಬಿಟ್ಟು ನೋಡಬೇಕು. ತುಂಬಿದ ಬ್ಯಾಟರಿ 12.6 ವೋಲ್ಟ್ ಅಥವಾ ಸ್ವಲ್ಪ ಜಾಸ್ತಿ ತೋರಿಸುತ್ತದೆ. 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ, 12.0 ಅಂದರೆ ಕಾಲು ಭಾಗ. 11.8ಕ್ಕಿಂತ ಕೆಳಗೆ ಹೋದರೆ ಖಾಲಿ ಅಂತಲೇ ಲೆಕ್ಕ. ನೋಡಿ, ತುಂಬಿದ್ದಕ್ಕೂ ಖಾಲಿಗೂ ನಡುವೆ ಇರುವುದು ಒಂದು ವೋಲ್ಟ್‌ಗಿಂತ ಕಡಿಮೆ ಅಂತರ. ‘12 ವೋಲ್ಟ್ ಬರ್ತಾ ಇದೆ, ಬ್ಯಾಟರಿ ಚೆನ್ನಾಗಿದೆ’ ಅನ್ನುವ ಮಾತು ಎಷ್ಟು ಜನರ ದಾರಿ ತಪ್ಪಿಸಿದೆಯೋ!

ಇಂಜಿನ್ ಓಡುವಾಗ ಅದೇ ಜಾಗದಲ್ಲಿ 13.8ರಿಂದ 14.5 ವೋಲ್ಟ್ ಬಂದರೆ ಆಲ್ಟರ್ನೇಟರ್ (ಇಂಜಿನ್ ಓಡುವಾಗ ಕರೆಂಟ್ ಹುಟ್ಟಿಸುವ ಯಂತ್ರ) ಚಾರ್ಜ್ ಮಾಡುತ್ತಿದೆ ಅಂತ ಅರ್ಥ. ಇಂಜಿನ್ ಓಡುತ್ತಿದ್ದರೂ 12.3ರಲ್ಲೇ ನಿಂತರೆ, ತೊಂದರೆ ರಾತ್ರಿಯದ್ದಲ್ಲ, ಹಗಲಿನದ್ದು. ಕೆಲವು ಹೊಸ ಕಾರುಗಳು ಮೈಲೇಜಿಗಾಗಿ ಚಾರ್ಜಿಂಗ್ ಅನ್ನು ಆಗಾಗ ಇಳಿಸುತ್ತವೆ. ಅಂಥವುಗಳಲ್ಲಿ ಹೆಡ್‌ಲೈಟ್ ಹಾಕಿ ಮತ್ತೊಮ್ಮೆ ನೋಡಿ.

ಇನ್ನೊಂದು ಅಳತೆ, ಸ್ಟಾರ್ಟ್ ಮಾಡುವ ಕ್ಷಣದ್ದು. ಒಬ್ಬರು ಕೀ ತಿರುಗಿಸಲಿ, ಇನ್ನೊಬ್ಬರು ಮೀಟರ್ ನೋಡಲಿ. ಸ್ಟಾರ್ಟರ್ ತಿರುಗುವಾಗ ವೋಲ್ಟೇಜ್ 9.6ಕ್ಕಿಂತ ಕೆಳಗೆ ಕುಸಿಯಬಾರದು. ತುಂಬಿದ ಬ್ಯಾಟರಿಯೇ 8ಕ್ಕೆ ಬಿದ್ದರೆ ಅದರ ಕಾಲ ಮುಗಿಯುತ್ತಾ ಬಂದಿದೆ.

ಇಷ್ಟಾದ ಮೇಲೆ, ಎಲ್ಲಕ್ಕಿಂತ ಸುಲಭವಾದ, ಆದರೆ ಯಾಕೋ ಯಾರೂ ಮಾಡದ ಪರೀಕ್ಷೆ ಒಂದಿದೆ. ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿಸಿ. ರಾತ್ರಿ ಮಲಗುವ ಮೊದಲು ಮೈನಸ್ ಕ್ಲಾಂಪ್ (ಕೇಬಲ್ ತುದಿಯ ಹಿಡಿಕೆ) ಬಿಚ್ಚಿ, ಟರ್ಮಿನಲ್‌ಗೆ (ಬ್ಯಾಟರಿಯ ಕಂಬಕ್ಕೆ) ತಾಗದಂತೆ ಒಂದು ಬಟ್ಟೆ ಸುತ್ತಿ ಪಕ್ಕಕ್ಕಿಡಿ. ವೋಲ್ಟೇಜ್ ಬರೆದಿಟ್ಟುಕೊಳ್ಳಿ. ಬೆಳಿಗ್ಗೆ ಕ್ಲಾಂಪ್ ಹಾಕುವ ಮುಂಚೆ ಮತ್ತೆ ನೋಡಿ. 12.6 ಇದ್ದದ್ದು ಬೆಳಿಗ್ಗೆ 12.5ರ ಮೇಲೆಯೇ ಇದ್ದು, ಕ್ಲಾಂಪ್ ಹಾಕಿದೊಡನೆ ಕಾರು ಗಟ್ಟಿಯಾಗಿ ಸ್ಟಾರ್ಟ್ ಆದರೆ ಬ್ಯಾಟರಿ ಸರಿ ಇದೆ, ಕಾರಿನಲ್ಲಿ ಸೋರಿಕೆ ಇದೆ. ಯಾವ ತಂತಿಯೂ ಇಲ್ಲದೆ ಒಂಟಿಯಾಗಿ ಕೂತ ಬ್ಯಾಟರಿ ಬೆಳಗಾಗುವಷ್ಟರಲ್ಲಿ 12.1ಕ್ಕೆ ಇಳಿದಿದ್ದರೆ ಕಾರನ್ನು ದೂರುವಂತಿಲ್ಲ. ಬ್ಯಾಟರಿಯ ಯಾವುದೋ ಸೆಲ್ ಒಳಗೇ ಕೆಟ್ಟಿದೆ.

ಇಲ್ಲಿ ಎರಡು ಎಚ್ಚರಿಕೆ. ಬಿಚ್ಚುವಾಗ ಯಾವಾಗಲೂ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಕಾರಿನ ಬಾಡಿಯೆಲ್ಲಾ ಮೈನಸ್‌ಗೆ ಸೇರಿರುವುದರಿಂದ, ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೆ ನೇರ ಶಾರ್ಟ್, ಜೋರಾದ ಕಿಡಿ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುತ್ತದೆ, ಅದರ ಪಕ್ಕ ಕಿಡಿ ಹಾರಿದರೆ ಸ್ಫೋಟವೇ ಆಗಬಹುದು. ಬಳೆ, ಉಂಗುರ, ಕೈಗಡಿಯಾರ ತೆಗೆದಿಡಿ. ಇನ್ನೊಂದು, ಬ್ಯಾಟರಿ ಬಿಚ್ಚಿದರೆ ಗಡಿಯಾರ ಮತ್ತು ರೇಡಿಯೋ ಸ್ಟೇಷನ್‌ಗಳು ಅಳಿಯುತ್ತವೆ. ಕೆಲವು ಮ್ಯೂಸಿಕ್ ಸಿಸ್ಟಂಗಳು ಕೋಡ್ ಕೇಳುತ್ತವೆ, ಅದನ್ನು ಮೊದಲೇ ಹುಡುಕಿಟ್ಟುಕೊಳ್ಳಿ.

ಸೋರಿಕೆಯನ್ನು ಅಳೆಯುವುದು

ಸೋರಿಕೆ ಕಾರಿನಲ್ಲೇ ಇದೆ ಅಂತಾದರೆ, ಈಗ ಅದು ಎಷ್ಟು ಅಂತ ನೋಡಬೇಕು. ಮೀಟರ್ ಅನ್ನು ಆಂಪಿಯರ್‌ಗೆ ತಿರುಗಿಸಿ, ಕೆಂಪು ತಂತಿಯನ್ನು 10 ಆಂಪಿಯರ್ ಅಂತ ಬರೆದ ತೂತಿಗೆ ಬದಲಾಯಿಸಿ. ಆಮೇಲೆ ಮೀಟರ್ ಅನ್ನು ಕರೆಂಟ್ ಹರಿಯುವ ದಾರಿಯ ನಡುವೆ ಕೂರಿಸಬೇಕು. ಬಿಚ್ಚಿದ ಮೈನಸ್ ಕ್ಲಾಂಪಿಗೆ ಕೆಂಪು ತಂತಿ, ಬ್ಯಾಟರಿಯ ಮೈನಸ್ ಕಂಬಕ್ಕೆ ಕಪ್ಪು ತಂತಿ. ಕಾರು ಎಳೆಯುವ ಪ್ರತಿ ಹನಿಯೂ ಈಗ ಮೀಟರ್ ಮೂಲಕವೇ ಹೋಗಬೇಕು.

ಆಂಪಿಯರ್‌ನಲ್ಲಿಟ್ಟ ಮೀಟರ್ ಅನ್ನು ಅಪ್ಪಿತಪ್ಪಿಯೂ ಬ್ಯಾಟರಿಯ ಪ್ಲಸ್ ಮತ್ತು ಮೈನಸ್‌ಗೆ ನೇರ ಹಚ್ಚಬೇಡಿ. ಅದು ಶಾರ್ಟ್ ಮಾಡಿದಂತೆಯೇ. ಮೀಟರ್ ನಡುವೆ ಇರುವಾಗ ಕಾರು ಸ್ಟಾರ್ಟ್ ಮಾಡಲೂಬೇಡಿ. ಸ್ಟಾರ್ಟರ್‌ಗೆ ನೂರು ಆಂಪಿಯರ್‌ಗಿಂತ ಜಾಸ್ತಿ ಬೇಕು, ಮೀಟರ್ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಅಳತೆ ಮುಗಿದ ಮೇಲೆ ಕೆಂಪು ತಂತಿಯನ್ನು ವೋಲ್ಟ್‌ನ ತೂತಿಗೆ ವಾಪಸ್ ಹಾಕುವುದನ್ನು ಮರೆಯಬೇಡಿ.

ಮೀಟರ್ ಹಚ್ಚಿದ ತಕ್ಷಣ 3 ಅಥವಾ 4 ಆಂಪಿಯರ್ ತೋರಿಸಿದರೆ ಗಾಬರಿಯಾಗಬೇಡಿ. ಈ ಪರೀಕ್ಷೆಯಲ್ಲಿ ಹೆಚ್ಚಿನವರು ಮೋಸಹೋಗುವುದು ಇಲ್ಲೇ. ಈಗಿನ ಕಾರಿನಲ್ಲಿ ಹಲವಾರು ಸಣ್ಣ ಕಂಪ್ಯೂಟರ್‌ಗಳಿವೆ. ಬಾಗಿಲು ಮುಚ್ಚಿ ಲಾಕ್ ಮಾಡಿದ ಮೇಲೆ ಅವು ಒಂದೊಂದಾಗಿ ನಿದ್ದೆಗೆ ಹೋಗುತ್ತವೆ. ಕೆಲವು ಕಾರುಗಳಲ್ಲಿ ಐದು ನಿಮಿಷ, ಕೆಲವದರಲ್ಲಿ 20–30 ನಿಮಿಷ, ಇನ್ನು ಕೆಲವದರಲ್ಲಿ ಒಂದು ಗಂಟೆಯವರೆಗೂ ಹಿಡಿಯುತ್ತದೆ. ಅಲ್ಲಿಯವರೆಗೆ ಕಾಯಲೇಬೇಕು. ಮೀಟರ್ ನೋಡುತ್ತಾ ಕೂತರೆ ಅಂಕಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದು ಕಾಣುತ್ತದೆ: 3.1, ಆಮೇಲೆ 0.9, ಆಮೇಲೆ 0.2, ಕೊನೆಗೆ 0.03. ನೋಡಲು ಖುಷಿಯಾಗುತ್ತದೆ.

ನಿದ್ದೆಗೆ ಹೋದ ಕಾರನ್ನು ಎಬ್ಬಿಸದೆ ಕೆಲಸ ಮಾಡುವುದು ಒಂದು ಕಲೆ. ಬಾಗಿಲು ತೆರೆದರೆ ಎಚ್ಚರವಾಗುತ್ತದೆ. ಫ್ಯೂಸ್ ಬಾಕ್ಸ್ ಕಾರಿನೊಳಗಿದ್ದರೆ ಬಾಗಿಲು ತೆರೆದೇ ಇರಬೇಕು. ಅದಕ್ಕೆ ಉಪಾಯ ಇದೆ: ಬಾಗಿಲಿನ ಅಂಚಿನಲ್ಲಿರುವ ಲಾಚ್‌ನ ಕೊಕ್ಕೆಯನ್ನು ಸ್ಕ್ರೂಡ್ರೈವರ್‌ನಿಂದ ಒಳಕ್ಕೆ ಒತ್ತಿ ‘ಕ್ಲಿಕ್’ ಅನಿಸಿ. ಬಾಗಿಲು ಮುಚ್ಚಿದೆ ಅಂತ ಕಾರು ನಂಬುತ್ತದೆ. ಕೆಲವು ಕಾರುಗಳಲ್ಲಿ ಲಾಚ್ ಬದಲು ಕಂಬದ ಮೇಲೆ ಒತ್ತುವ ಸ್ವಿಚ್ ಇರುತ್ತದೆ, ಅದಕ್ಕೆ ಟೇಪ್ ಸುತ್ತಿದರಾಯಿತು. ಬಾನೆಟ್‌ಗೂ ಸ್ವಿಚ್ ಇದ್ದರೆ ಅದಕ್ಕೂ ಇದೇ ಉಪಾಯ. ಕೆಲಸ ಮುಗಿದ ಮೇಲೆ ಬಾಗಿಲು ಹಾಕುವ ಮೊದಲು ಹ್ಯಾಂಡಲ್ ಎಳೆದು ಕೊಕ್ಕೆ ಬಿಡಿಸಿ, ಇಲ್ಲದಿದ್ದರೆ ಲಾಚ್ ಜಜ್ಜಿಹೋಗುತ್ತದೆ. ಕೀಲೆಸ್ ಕಾರಾದರೆ ಕೀಯನ್ನು ಮನೆಯೊಳಗೆ ದೂರ ಇಟ್ಟು ಬನ್ನಿ. ಜೇಬಿನಲ್ಲೇ ಇದ್ದರೆ ಕಾರು ಮಲಗದೇ ಇರಬಹುದು.

ಒಮ್ಮೆ ಕ್ಲಾಂಪ್ ಬಿಚ್ಚಿ ಹಾಕಿದರೆ ಕೆಲವು ದೋಷಗಳು ತಾವೇ ಮಾಯವಾಗುತ್ತವೆ. ಅಂಟಿಕೊಂಡ ರಿಲೇ (ಕರೆಂಟ್‌ನಿಂದ ನಡೆಯುವ ಸ್ವಿಚ್) ಬಿಟ್ಟುಕೊಳ್ಳುತ್ತದೆ, ಹ್ಯಾಂಗ್ ಆದ ಕಂಪ್ಯೂಟರ್ ರೀಸೆಟ್ ಆಗುತ್ತದೆ. ಆಗ ಮೀಟರ್ ಎಲ್ಲಾ ಸರಿ ಇದೆ ಅನ್ನುತ್ತದೆ, ನಾಳೆ ಬೆಳಿಗ್ಗೆ ಕಾರು ಮತ್ತೆ ಸತ್ತಿರುತ್ತದೆ. ಹಾಗಾಗಿ ಕ್ಲಾಂಪ್ ಬಿಚ್ಚುವ ಮೊದಲೇ ಎರಡು ಮೊಸಳೆ ಕ್ಲಿಪ್ ಇರುವ ಒಂದು ವೈರನ್ನು ಕ್ಲಾಂಪ್ ಮತ್ತು ಕಂಬದ ನಡುವೆ ಹಚ್ಚಿಡುವುದು ಒಳ್ಳೆಯದು. ಕ್ಲಾಂಪ್ ಬಿಚ್ಚಿದರೂ ಕರೆಂಟ್ ಆ ವೈರಿನಲ್ಲಿ ಹರಿಯುತ್ತಿರುತ್ತದೆ. ಕಾರು ಮಲಗಿದ ಮೇಲೆ ಮೀಟರ್ ಹಚ್ಚಿ, ಆಮೇಲೆ ಆ ವೈರ್ ತೆಗೆಯಿರಿ. ಸ್ಟಾರ್ಟ್-ಸ್ಟಾಪ್ (ಸಿಗ್ನಲ್‌ನಲ್ಲಿ ನಿಂತಾಗ ಇಂಜಿನ್ ತಾನೇ ಆಫ್ ಆಗುವ ಸೌಲಭ್ಯ) ಇರುವ ಕಾರುಗಳಲ್ಲಿ ಮೈನಸ್ ಕ್ಲಾಂಪಿನ ಮೇಲೆ ಒಂದು ಸಣ್ಣ ಸೆನ್ಸರ್ ಇರುತ್ತದೆ. ಅದನ್ನು ಎಳೆದಾಡದೆ ನಿಧಾನಕ್ಕೆ ಬಿಚ್ಚಿ. ಅಂದಹಾಗೆ, ಎಲೆಕ್ಟ್ರಿಕ್ ಕಾರಿನವರೂ ಇದನ್ನು ಓದಬೇಕು. ದೊಡ್ಡ ಬ್ಯಾಟರಿ ಎಷ್ಟೇ ತುಂಬಿರಲಿ, ಅವುಗಳಲ್ಲೂ ಒಂದು ಸಣ್ಣ 12 ವೋಲ್ಟ್ ಬ್ಯಾಟರಿ ಇದೆ. ಅದು ಸತ್ತರೆ ಕಾರು ಏಳುವುದೇ ಇಲ್ಲ. ಆದರೆ ಕಿತ್ತಳೆ ಬಣ್ಣದ (ಹೈ-ವೋಲ್ಟೇಜ್) ಕೇಬಲ್ ಇರುವ ಕಡೆ ಮಾತ್ರ ಕೈ ಹಾಕಬೇಡಿ.

ಯಾವ ಫ್ಯೂಸ್?

ಕಾರು ಮಲಗಿದ ಮೇಲೂ ಮೀಟರ್ ಅರ್ಧ ಆಂಪಿಯರ್, ಒಂದು ಆಂಪಿಯರ್ ತೋರಿಸುತ್ತಿದೆ ಅನ್ನೋಣ. ಹಳೆಯ ವಿಧಾನ ಅಂದರೆ ಫ್ಯೂಸ್‌ಗಳನ್ನು ಒಂದೊಂದಾಗಿ ಕೀಳುವುದು. ಯಾವುದನ್ನು ಕಿತ್ತಾಗ ಅಂಕಿ ಬೀಳುತ್ತದೋ, ಕಳ್ಳ ಆ ಲೈನಿನಲ್ಲಿ. ಹಳೆಯ ಕಾರುಗಳಿಗೆ ಇದು ಸಾಕು. ಹೊಸ ಕಾರುಗಳಲ್ಲಿ ಫ್ಯೂಸ್ ಕಿತ್ತು ಹಾಕಿದರೆ ಮಲಗಿದ ಕಂಪ್ಯೂಟರ್ ಎದ್ದುಬಿಡುತ್ತದೆ, ಮತ್ತೆ ಅರ್ಧ ಗಂಟೆ ಕಾಯಬೇಕು.

ಅದಕ್ಕಿಂತ ಚಂದದ ವಿಧಾನ ಇನ್ನೊಂದಿದೆ. ಪ್ರತಿ ಬ್ಲೇಡ್ ಫ್ಯೂಸಿನ ತಲೆಯ ಮೇಲೆ ಎರಡು ಪುಟ್ಟ ಲೋಹದ ಚುಕ್ಕೆಗಳು ಕಾಣುತ್ತವೆ. ಫ್ಯೂಸ್ ಅಂದರೆ ತೆಳ್ಳನೆಯ ಲೋಹದ ಪಟ್ಟಿ, ಅದಕ್ಕೂ ಒಂದಿಷ್ಟು ರೆಸಿಸ್ಟೆನ್ಸ್ ಇದೆ. ಅದರ ಮೂಲಕ ಕರೆಂಟ್ ಹರಿಯುತ್ತಿದ್ದರೆ ಆ ಎರಡು ಚುಕ್ಕೆಗಳ ನಡುವೆ ಒಂದು ಚೂರು ವೋಲ್ಟೇಜ್ ಸಿಗಲೇಬೇಕು. ಮೀಟರ್ ಅನ್ನು ಮಿಲಿವೋಲ್ಟ್‌ಗೆ ಇಟ್ಟು ಎರಡು ಚುಕ್ಕೆಗಳನ್ನೂ ಮುಟ್ಟಿ. ಸೊನ್ನೆ ಬಂದರೆ ಆ ಲೈನ್ ಮಲಗಿದೆ, ಮುಂದಿನದಕ್ಕೆ ಹೋಗಿ. 10 ಆಂಪಿಯರ್‌ನ ಫ್ಯೂಸಿನಲ್ಲಿ ಒಂದು ಮಿಲಿವೋಲ್ಟ್ ಬಂದರೆ ಸುಮಾರು 130 ಮಿಲಿಆಂಪಿಯರ್ ಹರಿಯುತ್ತಿದೆ ಅಂತ ಅಂದಾಜು. ದೊಡ್ಡ ಫ್ಯೂಸ್ ಆದಷ್ಟೂ ಅದೇ ಮಿಲಿವೋಲ್ಟ್‌ಗೆ ಕರೆಂಟ್ ಜಾಸ್ತಿ. ಏನನ್ನೂ ಕೀಳಬೇಕಿಲ್ಲ, ಬ್ಯಾಟರಿ ಬಿಚ್ಚಬೇಕಿಲ್ಲ, ಯಾರನ್ನೂ ಎಬ್ಬಿಸಬೇಕಿಲ್ಲ. ಇಡೀ ಫ್ಯೂಸ್ ಬಾಕ್ಸ್ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಈ ವಿಧಾನ ಎಲ್ಲಾ ಎಲೆಕ್ಟ್ರಿಷಿಯನ್‌ಗಳ ಕೈಗೂ ಬರಬೇಕು ಅಂತ ನನ್ನ ಆಸೆ.

ಫ್ಯೂಸ್ ಬಾಕ್ಸಿನಲ್ಲಿ ಇಲ್ಲದ ಕಳ್ಳ

ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ನಿಲ್ಲುವ ಒಂದು ಸಣ್ಣ ಪೆಟ್ರೋಲ್ ಕಾರಿನ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. 35ರ ಬ್ಯಾಟರಿ, ನಾಲ್ಕು ವರ್ಷ ಹಳೆಯದು. ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ಸ್ಟಾರ್ಟ್ ಇಲ್ಲ. ಕಾರು ಮಲಗಲು ಬಿಟ್ಟು ನೋಡಿದಾಗ ಮೀಟರ್ 1.18 ಆಂಪಿಯರ್‌ನಲ್ಲಿ ನಿಂತಿತು, ಅಲ್ಲಿಂದ ಕದಲಲಿಲ್ಲ. ಕಾರಿನೊಳಗಿನ ಫ್ಯೂಸ್‌ಗಳನ್ನೆಲ್ಲಾ ಮಿಲಿವೋಲ್ಟ್‌ನಲ್ಲಿ ನೋಡಿದ್ದಾಯಿತು, ಬಾನೆಟ್ ಕೆಳಗಿನ ಬಾಕ್ಸನ್ನೂ ನೋಡಿದ್ದಾಯಿತು. ಒಂದೇ ಒಂದು ಫ್ಯೂಸಿನಲ್ಲಿ ಕಾಣದಂತಹ ಚೂರು, ಉಳಿದದ್ದೆಲ್ಲಾ ಸೊನ್ನೆ. ಹಾಗಾದರೆ 1.18 ಎಲ್ಲಿಗೆ ಹೋಗುತ್ತಿದೆ?

ಉತ್ತರ ಬ್ಯಾಟರಿಯ ಪ್ಲಸ್ ಕ್ಲಾಂಪಿನಲ್ಲೇ ಇತ್ತು. ಕಂಪನಿಯ ದಪ್ಪ ಕೇಬಲ್ ಜೊತೆಗೆ ಒಂದು ಕೆಂಪು ವೈರ್, ಅದರ ಮೇಲೊಂದು ಪಾರದರ್ಶಕ ಫ್ಯೂಸ್ ಹೋಲ್ಡರ್. ವೈರ್ ಕಾರಿನೊಳಗೆ ಹೋಗಿ, ಕಾರ್ಪೆಟ್ ಕೆಳಗೆ ನುಸುಳಿ, ಮುಂದಿನ ಸೀಟಿನ ಅಡಿಯಲ್ಲಿದ್ದ ಆಂಪ್ಲಿಫೈಯರ್ ಸೇರುತ್ತಿತ್ತು. ಕೈ ಹಾಕಿ ಮುಟ್ಟಿದರೆ ಅದರ ಅಲ್ಯೂಮಿನಿಯಂ ಮೈ ಬೆಚ್ಚಗಿತ್ತು. ರಾತ್ರಿಯಿಡೀ ನಿಂತ ಕಾರಿನಲ್ಲಿ ಬೆಚ್ಚಗಿರುವ ವಸ್ತು ಅಂದರೆ ಬೇರೆ ಸಾಕ್ಷಿ ಬೇಡ. ಆ ಫ್ಯೂಸ್ ತೆಗೆದ ತಕ್ಷಣ ಮೀಟರ್ 0.03ಕ್ಕೆ ಬಿತ್ತು.

ಆಂಪ್ಲಿಫೈಯರ್‌ಗೆ ‘ಈಗ ಏಳು, ಈಗ ಮಲಗು’ ಅಂತ ಹೇಳಲು ರಿಮೋಟ್ ಅನ್ನುವ ಒಂದು ತೆಳ್ಳನೆಯ ವೈರ್ ಇರುತ್ತದೆ. ಅದು ಮ್ಯೂಸಿಕ್ ಸಿಸ್ಟಂನ ರಿಮೋಟ್ ಔಟ್‌ಪುಟ್‌ಗೆ ಸೇರಬೇಕು. ಹಾಕಿಸಿದ ಅಂಗಡಿಯಲ್ಲಿ ಅದನ್ನು ಸದಾ ಕರೆಂಟ್ ಇರುವ ಹಳದಿ ವೈರಿಗೆ ಸುತ್ತಿಬಿಟ್ಟಿದ್ದರು. ಹಾಡು ಬರುತ್ತದೆ, ಗಿರಾಕಿ ಖುಷಿ. ಆಂಪ್ಲಿಫೈಯರ್ ಮಾತ್ರ ಅಂದಿನಿಂದ ಮಲಗೇ ಇಲ್ಲ.

ಈಗ ಗುಣಾಕಾರಕ್ಕೆ ವಾಪಸ್ ಬನ್ನಿ. 1.18 ಆಂಪಿಯರ್, 11 ಗಂಟೆ, ಸುಮಾರು 13 ಆಂಪಿಯರ್-ಅವರ್. ಹೊಸ 35ರ ಬ್ಯಾಟರಿ ಒಂದು ರಾತ್ರಿಗೆ ಇದನ್ನು ತಡೆದುಕೊಂಡು ಬೆಳಿಗ್ಗೆ ಸ್ಟಾರ್ಟ್ ಕೊಡುತ್ತದೆ. ಬಹುಶಃ ಮೊದಲೆರಡು ವರ್ಷ ಹಾಗೇ ಕೊಟ್ಟಿತ್ತು. ದಿನಾ ರಾತ್ರಿ ಮೂರನೇ ಒಂದು ಭಾಗ ಇಳಿದು, ಹಗಲಲ್ಲಿ ಅರೆಬರೆ ತುಂಬಿ, ಬ್ಯಾಟರಿ ಸೊರಗಿತು. ಸೊರಗಿದ ಮೇಲೆ ಅದೇ 13 ಅದಕ್ಕೆ ಪೂರ್ತಿ ಹೊಟ್ಟೆ. ಅಂದರೆ ‘ಬ್ಯಾಟರಿ ಹೋಗಿದೆ’ ಅಂದವರೂ ಸರಿ, ‘ವೈರಿಂಗ್ ತಪ್ಪಿದೆ’ ಅಂದವರೂ ಸರಿ. ಬ್ಯಾಟರಿ ಮಾತ್ರ ಬದಲಿಸಿದ್ದರೆ ಹೊಸದರ ಆಯುಷ್ಯವೂ ಕರಗುತ್ತಿತ್ತು. ವೈರ್ ಮಾತ್ರ ಸರಿಮಾಡಿದ್ದರೆ ಸುಸ್ತಾದ ಬ್ಯಾಟರಿ ಯಾವುದಾದರೊಂದು ಚಳಿಯ ಬೆಳಿಗ್ಗೆ ಕೈಕೊಡುತ್ತಿತ್ತು. ಈ ಎರಡೂ ಒಟ್ಟಿಗೆ ಇರುವುದು ಬಹಳ ಸಾಮಾನ್ಯ. ಒಂದು ಸಿಕ್ಕಿದ ಕೂಡಲೇ ಹುಡುಕಾಟ ನಿಲ್ಲಿಸಬಾರದು ಅನ್ನುವುದು ಇದಕ್ಕೇ.

ನನ್ನ ಅನುಭವದಲ್ಲಿ ಕಂಪನಿ ವೈರಿಂಗ್‌ಗಿಂತ ಹೊರಗೆ ಹಾಕಿಸಿದ ವಸ್ತುಗಳೇ ಹೆಚ್ಚಿನ ಸಲ ಸಿಕ್ಕಿಬೀಳುತ್ತವೆ. ಪಾರ್ಕಿಂಗ್ ಮೋಡ್‌ನಲ್ಲಿ ರಾತ್ರಿಯಿಡೀ ರೆಕಾರ್ಡ್ ಮಾಡುವ ಡ್ಯಾಶ್‌ಕ್ಯಾಮ್, ಜಿಪಿಎಸ್ ಟ್ರ್ಯಾಕರ್, ಸ್ಟೇರಿಂಗ್ ಕೆಳಗಿನ ಒಬಿಡಿ ಸಾಕೆಟ್‌ಗೆ (ಮೆಕ್ಯಾನಿಕ್‌ಗಳು ಕಾರಿನ ದೋಷ ಓದುವ ಸಾಕೆಟ್) ಚುಚ್ಚಿಟ್ಟ ಡಾಂಗಲ್, ಹೊರಗಿನ ಅಲಾರಂ, ಕಾಲಡಿಯ ಬಣ್ಣದ ಎಲ್‌ಇಡಿ. ಒಬಿಡಿ ಸಾಕೆಟ್‌ನಲ್ಲಿ ಕೀ ತೆಗೆದರೂ ಕರೆಂಟ್ ಇರುತ್ತದೆ. ಅಲ್ಲಿ ಚುಚ್ಚಿದ ಡಾಂಗಲ್ ತಾನೇ ಎಳೆಯುವುದು ಕಡಿಮೆ ಇರಬಹುದು, ಆದರೆ ಕಾರಿನ ಕಂಪ್ಯೂಟರ್‌ಗಳನ್ನು ಮಾತಾಡಿಸುತ್ತಾ ಮಲಗಲು ಬಿಡದಿದ್ದರೆ ಅದೇ ದೊಡ್ಡ ಸೋರಿಕೆ. ಹುಡುಕಾಟ ಶುರು ಮಾಡುವ ಮೊದಲು ಇವನ್ನೆಲ್ಲಾ ಕಿತ್ತಿಟ್ಟು ಒಂದು ರಾತ್ರಿ ನೋಡಿದರೆ ಅರ್ಧ ಕೇಸುಗಳು ಅಲ್ಲೇ ಮುಗಿಯುತ್ತವೆ.

ಕಾರಿನದೇ ತಪ್ಪುಗಳೂ ಇವೆ. ಗ್ಲೋವ್ ಬಾಕ್ಸ್ ಅಥವಾ ಡಿಕ್ಕಿಯ ದೀಪ ಆರದೇ ಇರಬಹುದು. ಮೊಬೈಲ್ ಕ್ಯಾಮೆರಾ ಆನ್ ಮಾಡಿ ಒಳಗಿಟ್ಟು ಮುಚ್ಚಿ, ವಿಡಿಯೋ ನೋಡಿದರೆ ಗೊತ್ತಾಗುತ್ತದೆ. ಬಾಗಿಲಿನ ಲಾಚ್ ಸ್ವಿಚ್ ಕೆಟ್ಟು, ಬಾಗಿಲು ತೆರೆದೇ ಇದೆ ಅಂತ ಕಾರು ಅಂದುಕೊಳ್ಳಬಹುದು. ಫ್ಯಾನಿನ ರಿಲೇ ಅಂಟಿಕೊಂಡಿರಬಹುದು. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಕಾರ್ಪೆಟ್ ಕೆಳಗೆ ನೀರು ನಿಂತು ಕನೆಕ್ಟರ್‌ಗಳು ಹಸಿರು ಹಿಡಿಯುತ್ತವೆ. ಇಲಿ ಕಚ್ಚಿದ ವೈರ್ ಅಂತೂ ಎಲ್ಲಾ ಊರಿನಲ್ಲೂ ಇದ್ದದ್ದೇ.

ಫ್ಯೂಸ್ ಎಲ್ಲಾ ಸೊನ್ನೆ, ಹೊರಗಿನ ವೈರೂ ಇಲ್ಲ ಅಂದರೆ ಆಲ್ಟರ್ನೇಟರ್ ನೋಡಬೇಕು. ಹಳೆಯ ಮೆಕ್ಯಾನಿಕ್‌ಗಳು ಈಗಲೂ ಇದನ್ನು ಡೈನಮೋ ಅನ್ನುತ್ತಾರೆ. ಇದರ ದಪ್ಪ ವೈರ್ ಯಾವಾಗಲೂ ಬ್ಯಾಟರಿಗೆ ಸೇರಿರುತ್ತದೆ. ಕರೆಂಟ್ ಹಿಂದಕ್ಕೆ ಹರಿಯದಂತೆ ತಡೆಯುವುದು ಒಳಗಿನ ಡಯೋಡ್‌ಗಳು. ಅವು ಕೆಟ್ಟರೆ ರಾತ್ರಿ ಬ್ಯಾಟರಿಯಿಂದ ಆಲ್ಟರ್ನೇಟರ್‌ಗೆ ಉಲ್ಟಾ ಹರಿವು ಶುರುವಾಗಬಹುದು. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಆಲ್ಟರ್ನೇಟರ್ ಮಾತ್ರ ಬೆಚ್ಚಗಿದ್ದರೆ ಅನುಮಾನವೇ ಬೇಡ. ಖಚಿತ ಮಾಡಿಕೊಳ್ಳಲು, ಬ್ಯಾಟರಿಯ ಮೈನಸ್ ಬಿಚ್ಚಿ, ಆಲ್ಟರ್ನೇಟರ್‌ನ ದಪ್ಪ ವೈರ್ ಕಳಚಿ, ಅದರ ತುದಿಗೆ ಟೇಪ್ ಸುತ್ತಿ, ಮತ್ತೆ ಸೋರಿಕೆ ಅಳೆಯಿರಿ. ಅಂಕಿ ಬಿದ್ದರೆ ಆಲ್ಟರ್ನೇಟರ್ ರಿಪೇರಿಗೆ ಹೋಗಬೇಕು. ಆ ವೈರ್ ಕಳಚಿಟ್ಟು ಇಂಜಿನ್ ಮಾತ್ರ ಸ್ಟಾರ್ಟ್ ಮಾಡಬೇಡಿ.

ಎಲ್ಲಕ್ಕಿಂತ ತಾಳ್ಮೆ ಕೇಳುವುದು ಬಂದು ಹೋಗುವ ಸೋರಿಕೆ. ಮೀಟರ್ ಹಚ್ಚಿದಾಗ 0.03, ಕಾರು ಮುಗ್ಧ. ರಾತ್ರಿ ಎರಡು ಗಂಟೆಗೆ ಯಾವುದೋ ಕಂಪ್ಯೂಟರ್ ಎದ್ದು ಕೂರುತ್ತದೆ. ಇಂಥದ್ದಕ್ಕೆ ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಂಕಿಯನ್ನು ನೆನಪಿಡುವ ಮೀಟರ್ ಬೇಕು, ಅಥವಾ ಮೀಟರ್ ಎದುರು ಒಂದು ಹಳೆಯ ಮೊಬೈಲ್ ಇಟ್ಟು ವಿಡಿಯೋ ಮಾಡಬೇಕು. ಮೀಟರ್ ತಾನೇ ಆಫ್ ಆಗುವ ಸೌಲಭ್ಯ ಇದ್ದರೆ ಅದನ್ನು ಮೊದಲು ನಿಲ್ಲಿಸಿ.

ಕಾರು ವಾರಂಟಿಯಲ್ಲಿದ್ದರೆ ಕಂಪನಿ ವೈರುಗಳನ್ನು ಕತ್ತರಿಸಲು ಹೋಗಬೇಡಿ. ಅಳತೆಯಷ್ಟನ್ನು ಮಾಡಿ ಸರ್ವಿಸ್‌ಗೆ ಒಯ್ಯಿರಿ. ‘ಬೆಳಿಗ್ಗೆ ಸ್ಟಾರ್ಟ್ ಆಗಲ್ಲ’ ಅನ್ನುವುದಕ್ಕೂ, ‘ಲಾಕ್ ಮಾಡಿ ಒಂದು ಗಂಟೆ ಆದ ಮೇಲೂ 0.6 ಆಂಪಿಯರ್ ಎಳೀತಿದೆ, ಈ ಫ್ಯೂಸಿನಲ್ಲಿ’ ಅನ್ನುವುದಕ್ಕೂ ಸಿಗುವ ಗಮನವೇ ಬೇರೆ. ಫೋಟೋ ತೆಗೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ಸೋರಿಕೆ ನಿಂತ ಮೇಲೆ ಒಂದು ಕೆಲಸ ಉಳಿಯುತ್ತದೆ. ಪೂರ್ತಿ ಇಳಿದ ಬ್ಯಾಟರಿಯನ್ನು ಅರ್ಧ ಗಂಟೆ ಕಾರು ಓಡಿಸಿ ತುಂಬಿಸಲಾಗುವುದಿಲ್ಲ. ಚಾರ್ಜರ್‌ಗೆ ಹಾಕಿ ನಿಧಾನಕ್ಕೆ, 3–4 ಆಂಪಿಯರ್‌ನಲ್ಲಿ, ರಾತ್ರಿಯಿಡೀ ತುಂಬಿಸಬೇಕು. ಮನೆಯಲ್ಲಿ ಚಾರ್ಜರ್ ಇಲ್ಲದಿದ್ದರೆ ಬ್ಯಾಟರಿ ಅಂಗಡಿಯವರು ಮಾಡಿಕೊಡುತ್ತಾರೆ. ಆಮೇಲೆ ಒಂದು ವಾರ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ವೋಲ್ಟೇಜ್ ಬರೆದಿಡಿ. ದಿನಾ 12.5ರ ಆಸುಪಾಸು ನಿಂತರೆ ಮೀಟರ್ ಡಬ್ಬಿಗೆ ಹಾಕಬಹುದು. 12.5, 12.4, 12.3 ಅಂತ ಇಳಿಯುತ್ತಾ ಹೋದರೆ ಇನ್ನೊಂದು ಸಣ್ಣ ಸೋರಿಕೆ ಎಲ್ಲೋ ಉಳಿದಿದೆ, ಇಲ್ಲವೇ ನಿಮ್ಮ ಓಡಾಟ ಬ್ಯಾಟರಿ ತುಂಬಿಸಲು ಸಾಲುತ್ತಿಲ್ಲ. ಊರಲ್ಲಿ ಕಾರು ಬಿಟ್ಟು ತಿಂಗಳುಗಟ್ಟಲೆ ಹೊರದೇಶಕ್ಕೆ ಹೋಗುವವರು ಮಾತ್ರ ಇಷ್ಟೆಲ್ಲಾ ಮಾಡಬೇಕಿಲ್ಲ. ಪೂರ್ತಿ ಚಾರ್ಜ್ ಮಾಡಿಸಿ, ಮೈನಸ್ ಕ್ಲಾಂಪ್ ಬಿಚ್ಚಿಟ್ಟು, ಎರಡು ತಿಂಗಳಿಗೊಮ್ಮೆ ಚಾರ್ಜರ್‌ಗೆ ಹಾಕಲು ಮನೆಯಲ್ಲಿ ಯಾರಿಗಾದರೂ ಹೇಳಿಹೋದರೆ ಸಾಕು.